ಬೋಳು ಒಡ್ಡು ಮತ್ತು ಅವ್ವನ ಕುಂಬಳ ಬೀಜ

ನನ್ನ ಹೊಲದ ಒಡ್ಡು ನೋಡಲು ಐನಾಪುರದ ರಸ್ತೆಯಲ್ಲಿ ಜನ ಬೈಕ್ ನಿಲ್ಲಿಸುತ್ತಿದ್ದ ಕಾಲ ಒಂದಿತ್ತು. ಅದಕ್ಕೂ ಮೊದಲು ಅದು ಎಲ್ಲರ ಒಡ್ಡಿನಂತೆ ಗಲೀಜಾಗಿತ್ತು. ಎಲಚಿ ಎಂದೂ ಕರೆಯುವ ಮುಳ್ಳಿನ ಬಾರಿ ಗಿಡ, ತುಂಬೆ, ಉತ್ತರಾಣಿ, ಹೆಸರು ಗೊತ್ತಿಲ್ಲದ ಹಳದಿ ಹೂವಿನ ಬಳ್ಳಿಗಳು. ಎರಡು ವರ್ಷದ ಹಿಂದೆ ನನಗೆ ಶಿಸ್ತಿನ ಹುಚ್ಚು ಹಿಡಿಯಿತು. ಕಳೆನಾಶಕ ಹೊಡೆದೆ, ಬಾರಿ ಗಿಡವನ್ನು ಬುಡಕ್ಕೆ ಕಡಿಸಿದೆ, ಒಣಗಿದ್ದನ್ನೆಲ್ಲ ಸುಟ್ಟೆ. ಒಡ್ಡು ಆಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಕಂಡಿತು. ಫೋಟೋ ತೆಗೆದು ಊರಿನ ಮೊಬೈಲ್ ಗ್ರೂಪಿಗೆ ಹಾಕಿ, ಯಾರು ಯಾರು ಮೆಚ್ಚಿದರು ಎಂದು ಊಟದ ನಡುವೆಯೂ ತೆಗೆದು ನೋಡಿದೆ.

ಅವ್ವ ಮಾತ್ರ ಹೊಲಕ್ಕೆ ಬಂದು ನಿಂತು, "ಬಾರಿ ಗಿಡದಾಗ ಜೇನ ಇತ್ತಲ್ಲೋ ತಮ್ಮಾ," ಎಂದಳು.

"ಜೇನ ಬೇಕಂದ್ರ ಬಾಟ್ಲಿ ತರತೀನಿ ಬೇ," ಎಂದೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವ್ವನ ಚಿಂತೆ ಜೇನುತುಪ್ಪದ್ದಲ್ಲ, ಕುಂಬಳ ಬೀಜದ್ದು. ತವರೂರು ಭೋಜದಿಂದ ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದ ತಳಿ ಅದು. ಪ್ರತಿ ಮುಂಗಾರಿಗೆ ಊರುತ್ತಿದ್ದಳು. ಸೀಗೆ ಹುಣ್ಣಿಮೆಯ ಕಡಬಿಗೆ ಕಾಯಿ ಕೊಯ್ದು, ಒಂದನ್ನು ಬೀಜಕ್ಕೆ ಬಿಟ್ಟು, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿಡುತ್ತಿದ್ದಳು. ಈಗ ಅವಳ ತವರಿನಲ್ಲೂ ಆ ತಳಿ ಉಳಿದಿಲ್ಲ. ಒಡ್ಡು ಬೋಳಾದ ವರ್ಷ ಒಂದು ಕಾಯಿಯೂ ನಿಲ್ಲಲಿಲ್ಲ. ಹೋದ ವರ್ಷ ಗಡಿಗೆಯ ತಳದಲ್ಲಿದ್ದ ಕೊನೆಯ ಹಿಡಿಯನ್ನು ಊರಿದಳು. ಇದೂ ಹೋದರೆ ತಳಿಯೇ ಹೋದಂತೆ.

ಬಳ್ಳಿ ಹುಲುಸಾಗಿ ಹಬ್ಬಿತು, ಹೂವೂ ಬಿಟ್ಟಿತು. ಆದರೆ ಹೆಣ್ಣು ಹೂವಿನ ಕೆಳಗಿನ ಗೋಲಿಯಷ್ಟು ಪೀಚು ಮೂರೇ ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ನಾನು ಪ್ರಗತಿಪರ ರೈತ ತಾನೆ? ಮೊದಲು ನೀರನ್ನು ಬೈದೆ, ಆಮೇಲೆ ಬೀಜವನ್ನು ಬೈದೆ. ಚಿಕ್ಕೋಡಿಗೆ ಹೋಗಿ ಟಾನಿಕ್ ತಂದು ಹೊಡೆದೆ. ಅದೂ ಆಗದಿದ್ದಾಗ, ಹುಳ ಬಿದ್ದಿರಬೇಕೆಂದು ಹೂವಿನ ಮೇಲೇ ಔಷಧಿ ಹೊಡೆಯಲು ಬೆನ್ನಿಗೆ ಪಂಪು ಏರಿಸಿದೆ. ಅವ್ವ ಬಳ್ಳಿಯ ಮುಂದೆ ಕೂತುಬಿಟ್ಟಳು.

"ಹುಳಾ ಬಿದ್ದಿಲ್ಲೋ, ಹುಳಾನ ಬರವಲ್ವು. ಮುಂಜಾನಿಂದ ಕುಂತ ನೋಡೀನಿ, ಒಂದರ ಜೇನ ಬಂದಿಲ್ಲ. ಹೂವಿಂದ ಹೂವಿಗೆ ಹೋಗೋರ ಇಲ್ಲಂದ್ರ ಕಾಯಿ ಹೆಂಗ ನಿಂತೀತು?"

ಪಂಪು ಇಳಿಸಿ ಪಕ್ಕದಲ್ಲಿ ಕೂತೆ. ಶಿರಗುಪ್ಪಿಯ ದಿಕ್ಕಿಗೆ ಕಣ್ಣು ಹಾಯುವಷ್ಟೂ ಕಬ್ಬು. ಹಿಂದೆ ನಮ್ಮಲ್ಲಿ ಜೋಳದ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಎಳ್ಳು, ಗುರೆಳ್ಳು, ತೊಗರಿ, ಒಂದೊಂದರದು ಒಂದೊಂದು ಸಾಲು. ಮಳೆ ಹಿಂದುಮುಂದಾದರೂ ಯಾವುದಾದರೊಂದು ಹೂ ಬಿಡುತ್ತಿತ್ತು, ಜೇನು ಉಪವಾಸ ಬೀಳುತ್ತಿರಲಿಲ್ಲ. ಈಗ ಮಳೆಯ ಲೆಕ್ಕವೇ ತಪ್ಪಿದೆ, ಬೆಳೆ ನೋಡಿದರೆ ಒಂದೇ. ಇಷ್ಟು ಕಬ್ಬಿನ ನಡುವೆ ಹೂವೆಂದು ಉಳಿದಿದ್ದದ್ದು ನನ್ನ ಗಲೀಜು ಒಡ್ಡಿನಲ್ಲಿ. ಅದನ್ನೇ ನಾನು ಬೋಳಿಸಿ ಫೋಟೋ ಹಾಕಿದ್ದೆ.

ಮರುದಿನದಿಂದ ಜೇನಿನ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಎದ್ದವನೇ ಹೋಗಿ, ಗಂಡು ಹೂವು ಕಿತ್ತು, ಎಸಳು ಹರಿದು, ಹೆಣ್ಣು ಹೂವಿನೊಳಗೆ ಮೆಲ್ಲಗೆ ಉಜ್ಜಬೇಕು. ಬಿಸಿಲೇರಿದರೆ ಹೂವು ಮುದುಡಿಕೊಳ್ಳುತ್ತದೆ. ನನ್ನದು ನೂರು ಕಿಲೋದ ಹತ್ತಿರದ ದೇಹ. ಬಳ್ಳಿ ತುಳಿಯದಂತೆ ಒಂದು ಕಾಲೆತ್ತಿ ಬಗ್ಗಿದ್ದನ್ನು ಕಂಡು ಪಕ್ಕದ ಹೊಲದವನು ನಿಂತ.

"ಏನ್ರೀ ಸಾವ್ಕಾರ್ರ, ಹೂವಿಗೆ ಲಗ್ನಾ ಮಾಡಾಕತ್ತೀರೇನು?"

"ಹೌದ್ರಿ. ಮಾಡಸೋರನ್ನ ನಾನ ಓಡಿಸೀನಿ."

ಮೂರು ವಾರದ ಈ ಸರ್ಕಸ್ಸಿಗೆ ನಿಂತದ್ದು ಎರಡು ಕಾಯಿ. ಒಂದನ್ನು ನಾನೇ ತುಳಿದೆ.

ಸೀಗೆ ಹುಣ್ಣಿಮೆಯ ಕಡಬಿಗೆ ಸಂತೆಯ ಕುಂಬಳವೇ ಗತಿಯಾಯಿತು. ಪೂಜೆಯ ನಂತರ ಹೊಲದಲ್ಲಿ ಚರಗ ಚೆಲ್ಲುವುದು ನಮ್ಮ ಪದ್ಧತಿ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಹೊಲದ ಹಕ್ಕಿ, ಹುಳ, ಇರುವೆಗಳ ಪಾಲೆಂದು ಸುತ್ತಲೂ ಎರಚುತ್ತೇವೆ. ನಾನು ಬುಟ್ಟಿ ಹಿಡಿದು, ದೊಡ್ಡ ದನಿಯಲ್ಲಿ ಕೂಗುತ್ತ, ಬೋಳು ಒಡ್ಡಿನ ಮೇಲೆ ಚೆಲ್ಲುತ್ತ ಹೊರಟೆ.

"ಎಲ್ಲಾರನ್ನೂ ಓಡಿಸಿ ಈಗ ಯಾರನ್ನ ಊಟಕ್ಕ ಕರ್ಯಾಕತ್ತೀ?" ಎಂದಳು ಅವ್ವ. ಬೈಯುವ ದನಿಯಾಗಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಅವಳು ನಿಜಕ್ಕೂ ಕೇಳುತ್ತಿದ್ದಳು. ಉಳಿದದ್ದನ್ನು ಕೂಗದೆ ಚೆಲ್ಲಿ ಬಂದೆ.

ಬೀಜಕ್ಕೆ ಬಿಟ್ಟ ಕಾಯಿ ಬಲಿತ ಮೇಲೆ ಒಡೆದೆವು. ಬಹಳಷ್ಟು ಜೊಳ್ಳು. ಗಟ್ಟಿ ಬೀಜ ಹನ್ನೊಂದು ಸಿಕ್ಕವು. ಅವ್ವ ಅವನ್ನು ಬೂದಿಯಲ್ಲಿ ಹೊರಳಿಸಿ ಅರಿವೆಯಲ್ಲಿ ಕಟ್ಟಿಟ್ಟಳು. ಈ ವರ್ಷ ಮುಂಗಾರು ಬಿದ್ದಾಗ ಹೋಗಿ ಕೈ ಚಾಚಿದೆ, ಕೊಡಲಿಲ್ಲ.

"ಬಾರಿ ಗಿಡಾ ಹೂ ಬಿಡಲಿ ಮೊದಲ. ಆಮ್ಯಾಲೆ ಬೀಜಾ ಕೇಳು."

ಕಡಿದ ಬುಡದಿಂದ ಬಾರಿ ಚಿಗುರಿದೆ, ಸುತ್ತ ತುಂಬೆಯೂ ಎದ್ದಿದೆ. ಆಡು ಬಾಯಿ ಹಾಕದಂತೆ ಮುಳ್ಳು ಹಚ್ಚಿದ್ದೇನೆ. ರಸ್ತೆಯ ಜನ ಈಗಲೂ ಬೈಕ್ ನಿಲ್ಲಿಸುತ್ತಾರೆ, "ಮೈಯಾಗ ಆರಾಮ ಇಲ್ಲೇನ್ರಿ, ಒಡ್ಡು ಹಿಂಗ್ಯಾಕ ಬಿಟ್ಟೀರಿ?" ಎಂದು ಕೇಳಲು. ಬೀಜಕ್ಕೂ ವಯಸ್ಸಾಗುತ್ತದೆ, ಬಹಳ ವರ್ಷ ಇಟ್ಟರೆ ಮೊಳೆಯುವುದಿಲ್ಲ. ಅವ್ವನಿಗೆ ಎಂಬತ್ತು ದಾಟಿದೆ. ಬಾರಿ ಗಿಡ ಇನ್ನೂ ನನ್ನ ಮೊಣಕಾಲಿನಷ್ಟೇ ಇದೆ.