ಡರ್ವ್ಲಾ ಕಾಯ್ದ ದೀಪ

ನಮ್ಮೂರು ಕಿಲ್ಡೇರ್‌ನಲ್ಲಿ ಬ್ರಿಜಿಡ್ ದೇವಿಯ ದೀಪ ಆರದಂತೆ ಕಾಯಲು ನಾವು ಹತ್ತೊಂಬತ್ತು ಜನರಿದ್ದೆವು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ; ಇಪ್ಪತ್ತನೆಯ ದಿನ ದೇವಿಯೇ ಕಾಯುತ್ತಾಳೆಂದು ಬಿಟ್ಟುಬಿಡುತ್ತಿದ್ದೆವು. ಬರುಬರುತ್ತ ಒಬ್ಬೊಬ್ಬರೇ ಜಾರಿಕೊಂಡರು. ಅವರ ದಿನಗಳನ್ನೆಲ್ಲ, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಡರ್ವ್ಲಾ ಮೈಮೇಲೆ ಹಾಕಿಕೊಂಡಳು. ಕೊನೆಗೆ ಹದಿನೆಂಟು ದಿನ ಅವಳದು, ಒಂದು ದಿನ ನನ್ನದು. ಆ ಒಂದು ದಿನವೂ ನಾನು ನಿದ್ದೆಹೋಗಿ, ಅವಳೇ ಓಡಿಬಂದು ದೀಪ ಉಳಿಸಿದ್ದುಂಟು.

ಈ ಚಳಿಗಾಲ ಅವಳ ಶ್ವಾಸಕೋಶ ಕೈಕೊಟ್ಟಿತು. ಮನೆಗೆ ಆಮ್ಲಜನಕದ ಯಂತ್ರ ಬಂತು.

"ಇನ್ಮೇಲೆ ಈ ಮನೇಲಿ ಬೆಂಕಿ ಅನ್ನೋದೇ ಇರಬಾರ್ದು," ಎನ್ನುತ್ತ, ಯಂತ್ರ ಜೋಡಿಸಲು ಬಂದಿದ್ದ ನರ್ಸಮ್ಮ ದೀಪ ಊದಿ ಆರಿಸಲು ಬಗ್ಗಿದಳು.

"ಊದ್ಬೇಡ ಕಣೇ! ಅದಕ್ಕೆ ಉಸಿರು ತಾಗಿಸಬಾರ್ದು!" ಡರ್ವ್ಲಾ ಏದುತ್ತಲೇ ಕಿರುಚಿದಳು. ಆಮೇಲೆ ನನ್ನತ್ತ ತಿರುಗಿ, "ಫಿಂಟನ್, ನೀನೇ ತಗೊಂಡ್ಹೋಗೋ. ನಿನ್ನಂಥ ಕುಂಭಕರ್ಣನ ಕೈಗೆ ಕೊಡೋ ಗತಿ ಬಂತಲ್ಲ ನನಗೆ!" ಎಂದಳು.

ದೀಪವನ್ನು ಲಾಟೀನಿನೊಳಗಿಟ್ಟುಕೊಂಡು ಹೊರಟೆ. ಗೇಟಿನ ಬಳಿ ಗಾಳಿಗೆ ಬೆನ್ನುಕೊಟ್ಟು, ಉರಿಯುತ್ತಿದೆಯೇ ಎಂದು ಲಾಟೀನಿನ ಬಾಗಿಲು ತೆಗೆದು ಬಗ್ಗಿ ನೋಡಿದೆ. ಹತ್ತು ಹೆಜ್ಜೆಗೇ ಏದುವ ಸ್ಥೂಲದೇಹಿ ನಾನು. ನನ್ನ ಉಸಿರಿಗೇ ದೀಪ ಆರಿತು. ಡರ್ವ್ಲಾ ಕಿಟಕಿಯಿಂದ ನೋಡುತ್ತಿದ್ದಳು.

ಒಳಗೆ ಹೋಗಿ, "ಮತ್ತೆ ಹಚ್ಚಲಾ?" ಎಂದೆ.

"ಬೇಡ ಬಿಡೋ. ಹಚ್ಚೋದು ಯಾರಿಗಾದ್ರೂ ಬರುತ್ತೆ. ಕಾಯೋರೆಲ್ಲಿದ್ದಾರೆ?"

ಆರಿದ ಲಾಟೀನನ್ನು ಮೇಜಿನ ಮೇಲಿಟ್ಟೆ. ಚಹಾ ಮಾಡಿಕೊಟ್ಟೆ. ಅವಳು ಮುಟ್ಟಲಿಲ್ಲ, ಗೋಡೆಯತ್ತ ಹೊರಳಿ ಮಲಗಿದಳು.