ಭಾವನ ತೋಟದ ಎರಡು ಸೌತೆ ಬಳ್ಳಿ

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗಂತೂ ಒದೆಸಿಕೊಂಡೇ ಅಭ್ಯಾಸ. ಅದಕ್ಕೇ ನಾನು ಚಪ್ಪಲಿ ಬಿಡುವ ಮೊದಲೇ ಅಕ್ಕ ಕಿವಿಯಲ್ಲಿ ಉಸುರಿದಳು: "ತೋಟದಲ್ಲಿ ನಿಮ್ಮ ಭಾವ ಏನು ಕೊಟ್ರೂ ಚೆನ್ನಾಗಿದೆ ಅನ್ನು. ಪಾಪ, ನೊಂದ್ಕೋತಾರೆ."

ಭಾವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು. ಒಂದು ಹಾಳು ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಉಪ್ಪು ತಿಳಿಯದವನು ಸೌಟು ಹಿಡಿಯಬಾರದು ಎಂದು ತಾವೇ ಕೆಲಸ ಬಿಟ್ಟು, ಹಿತ್ತಲಿನ ಅಂಗೈಯಗಲದ ಜಾಗದಲ್ಲಿ ತರಕಾರಿ ಹಾಕಿದರು. ಬೀದಿಯವರು ತಂದು ಸುರಿಯುವ ಸಿಪ್ಪೆಯೇ ಗೊಬ್ಬರ. ಬೀಜವೂ ಮನೆಯದೇ. ಮಣ್ಣಿನ ಮೇಲೆ ಒಣಗಿದೆಲೆಯ ಹೊದಿಕೆ. ಬೆರಳು ತೂರಿಸಿದರೆ ಒಳಗೆ ತಣ್ಣಗೆ. ನೋಡಿ ನನ್ನ ಹೊಟ್ಟೆ ತುಂಬಿತು.

ಎರಡು ಸೌತೆ ಬಳ್ಳಿಗಳ ಮುಂದೆ ಭಾವ ನಿಂತರು.

"ಇದರಲ್ಲಿ ಒಂದರ ಕಾಯಿ ಬೀಜಕ್ಕೆ ಬಿಡ್ಬೇಕು. ಯಾವುದಂತ ನಂಗೆ ತಿಳಿಯಲ್ಲ. ಕೇಳಿದ್ರೆ ಎಲ್ರೂ ಎರಡೂ ಚೆನ್ನಾಗಿದೆ ಅಂತಾರೆ. ತಪ್ಪಿದ್ರೆ ಮುಂದಿನ ಬೆಳೆಯೆಲ್ಲ ಹಾಳು. ನೀನು ತಿಂದು ಹೇಳು."

ಮೊದಲನೆಯ ಬಳ್ಳಿಯ ಕಾಯಿ ಕಚ್ಚಿದೆ. ಅಕ್ಕ ದೂರದಿಂದಲೇ ಕಣ್ಣು ಬಿಟ್ಟಳು. ಅವಳಿಗಾಗಿ ನುಂಗಲು ನೋಡಿದೆ, ದೇವರಾಣೆ ನೋಡಿದೆ. ಆಗಲಿಲ್ಲ. ಥೂ ಎಂದು ಉಗಿದೇಬಿಟ್ಟೆ.

"ಅಯ್ಯಯ್ಯೋ! ಕಹಿ ಭಾವ, ಹಾಲಾಹಲ!"

ಅಕ್ಕ ಹಣೆ ಚಚ್ಚಿಕೊಂಡಳು. ಭಾವ ಒಂದು ಗಳಿಗೆ ನನ್ನನ್ನೇ ನೋಡಿ, ಹೋ ಎಂದು ನಕ್ಕರು. "ಮೂಲೆಮನೆಯವರು ಸೌತೆ ಬೇಡ ಅಂದಿದ್ದು ಇದಕ್ಕಾ! ಒಬ್ಬರಾದ್ರೂ ಬಾಯಿಬಿಟ್ರಾ ನೋಡು!" ಬಳ್ಳಿಯನ್ನು ಬುಡಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಸೆದರು.

ಎರಡನೆಯದರ ಕಾಯಿ ಮುರಿದು ಅರ್ಧ ತಿಂದೆ. "ಇದು ಬಂಗಾರ. ಇದನ್ನೇ ಬೀಜಕ್ಕೆ ಬಿಡಿ."

ಅವರಿಗೆ ಅನುಮಾನ. "ನಿಮ್ಮಕ್ಕ ಹೇಳಿಕೊಟ್ಟಿದ್ದಲ್ಲ ತಾನೆ?"

"ಅವಳ ಮಾತು ಕೇಳೋಳಾಗಿದ್ರೆ ಆಗ್ಲೇ ಉಗೀತಿದ್ನಾ?"

ಉಳಿದರ್ಧವನ್ನು ನನ್ನ ಕೈಯಿಂದ ತೆಗೆದುಕೊಂಡು ಭಾವ ತಾವೂ ಕಚ್ಚಿದರು. "ಹೇಗಿದೆ ಹೇಳು. ಸರಿಯಾಗಿ ಹೇಳು."

"ಮೊದಲು ಬರೀ ನೀರು, ತಂಪು. ಅಗೀತಾ ಹೋದ್ರೆ ಮೆಲ್ಲಗೆ ಸಿಹಿ ಬರುತ್ತೆ. ಅವಸರ ಮಾಡ್ಬೇಡಿ."

ಭಾವ ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು.

"ಹೂಂ. ಆಮೇಲೆ?"