ಹಾಳೆ ಹೊದೆಸಿದ ಸೀಟು

ಕಳೆದ ವಾರ ಪೆರ್ಲದ ಸೈಕಲ್ ಅಂಗಡಿಯಲ್ಲಿ ನಿಂತು ಒಂದು ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ನನ್ನ ಮಂಡಿನೋವಿಗೆ ಸೈಕಲ್ ತುಳಿಯುವುದು ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಬೆರಳು ಸಲೀಸಾಗಿ ಒಳಗಿಳಿಯಿತು, ತೆಗೆದಾಗ ಸೀಟು ಮೆಲ್ಲನೆ ಉಬ್ಬಿಕೊಂಡಿತು. ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಂತು. ಇಷ್ಟು ಮೆತ್ತಗಿನದು ಆಗ ಸಿಕ್ಕಿದ್ದರೆ... ಎಂದುಕೊಂಡೆ. ನಮ್ಮೂರಿನ ಪೂಜೆ ಭಟ್ಟರು ನೆನಪಾದರು.

ಬಾಯಾರಿನ ಕಡೆ ಹೋಗುವ ರಸ್ತೆಯ ಏರಿನಲ್ಲಿ ಆಗ ನಮ್ಮ ಮನೆ. ಭಟ್ಟರದು ಏರಿನ ಕೆಳಗೆ, ದೇವಸ್ಥಾನ ಏರಿನ ಆಚೆ. ಬೇಸಿಗೆಯಲ್ಲಿ ದೇವಸ್ಥಾನದಲ್ಲಿ ನೈವೇದ್ಯಕ್ಕಾಗುವಷ್ಟೇ ನೀರು ಉಳಿಯುತ್ತಿತ್ತು. ಹಾಗಾಗಿ ಅವರು ಮನೆಯಲ್ಲೇ ಮಿಂದು, ಮಡಿಯುಟ್ಟು, ಸೈಕಲ್ಲಿನಲ್ಲಿ ಹೊರಡುತ್ತಿದ್ದರು. ಮಡಿಯಲ್ಲಿದ್ದಾಗ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರು ಚರ್ಮ ಮುಟ್ಟುವಂತಿಲ್ಲ. ಸೈಕಲ್ಲಿಗಿದ್ದದ್ದೋ ಹಳೆಯ ಕಾಲದ ಚರ್ಮದ ಸೀಟು. ಅದರ ಮೇಲೆ ಅಡಿಕೆ ಹಾಳೆಯೊಂದನ್ನು ಹೊದೆಸಿ ಬಾಳೆನಾರಿನಿಂದ ಬಿಗಿದು ಕಟ್ಟಿದ್ದರು.

ಆ ಹಾಳೆಯ ಮೇಲೆ ಕೂರುವುದೇ ಒಂದು ಸಾಹಸ. ಸಾಲದ್ದಕ್ಕೆ ಸೊಂಟದ ಬಲಬದಿಯಲ್ಲಿ ನೋವು ಬೇರೆ ಸುರುವಾಯಿತು. ಎಡಕ್ಕೇ ಭಾರ ಹಾಕಿ ಕೂರತೊಡಗಿದರು. ದೂರದಿಂದ ನೋಡಿದರೆ ಸೈಕಲ್ ಒಂದು ಕಡೆಗೂ ಭಟ್ಟರು ಇನ್ನೊಂದು ಕಡೆಗೂ ಹೊರಟ ಹಾಗೆ ಕಾಣುತ್ತಿತ್ತು.

ಪೂಜೆ ಮುಗಿಸಿ ಮರಳುವಾಗ ಮಡಿಯ ಕಟ್ಟು ಇಲ್ಲ. ಆಗ ನಮ್ಮ ಅಂಗಳದಲ್ಲಿ ಇಳಿಯುತ್ತಿದ್ದರು, ನಾನು ಸ್ಪಾನರ್ ಹಿಡಿದು ಬರುತ್ತಿದ್ದೆ. ಸೀಟು ಎತ್ತರಿಸಿದರೆ ಕಾಲು ನೆಲಕ್ಕೆ ಎಟುಕದು, ತಗ್ಗಿಸಿದರೆ ಮಂಡಿ ಎದೆಗೆ ಬರುವುದು. ಸೀಟಿನ ಮೂತಿ ಬಗ್ಗಿಸಿದರೆ ಹಾಳೆಯಿಂದ ಜಾರಿ ಮುಂದಕ್ಕೆ, ಎತ್ತಿದರೆ... ಹೇಳುವುದು ಬೇಡ.

“ಸೀಟಿನಲ್ಲಿ ಎಂತದೂ ಇಲ್ಲ ಮಾರಾಯ, ನನ್ನ ಅಂಡೇ ಹಳತಾಯ್ತು,” ಎಂದು ನಗುತ್ತಿದ್ದರು.

ಒಮ್ಮೆ ರೆಕ್ಸಿನ್ನಿನ ಸೀಟೊಂದನ್ನು ತಂದುಕೊಟ್ಟೆ. ಒತ್ತಿ ನೋಡಿದರು, ಮೂಸಿ ನೋಡಿದರು. “ಇದು ಚರ್ಮ ಅಲ್ಲಾಂತ ನನಗೆ ನೀನು ಹೇಳ್ತೀ. ದೇವರಿಗೆ ಯಾರು ಹೇಳುವುದು?” ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಸೀಟು ಮಾತ್ರ ನಮ್ಮ ಜಗಲಿಯಲ್ಲೇ ಉಳಿಯಿತು. ಮಡಿಯಲ್ಲಿ ಬಾಡಿಗೆ ಜೀಪು ಹತ್ತುವ ಮಾತೇ ಇಲ್ಲ, ಅದರ ಸೀಟಿನಲ್ಲಿ ಊರೆಲ್ಲ ಕೂತಿರುತ್ತದೆ. ಡಾಕ್ಟರಿಗೆ ತೋರಿಸಿ ಎಂದರೆ ಪೂಜೆಗೆ ಬದಲಿ ಜನ ಸಿಗಲಿ ಎನ್ನುತ್ತಿದ್ದರು. ಬದಲಿ ಜನ ಸಿಗಲಿಲ್ಲ. ಸೈಕಲ್ಲಿನಲ್ಲಿ ಕೂರಲಾಗದ ದಿನ ದೇವರಿಗೆ ದೀಪವಿಲ್ಲ ಎಂಬುದೊಂದೇ ಅವರ ಹೆದರಿಕೆ.

ಒಂದು ಬೆಳಿಗ್ಗೆ ನಮ್ಮ ಗೇಟಿನೆದುರು ಸೈಕಲ್ ನಿಂತಿತು. ಭಟ್ಟರ ಎಡಗಾಲು ನೆಲದಲ್ಲಿ, ಬಲಗಾಲು ಸೈಕಲ್ಲಿನ ಅಡ್ಡ ಬಾರಿನ ಆಚೆ. ಆ ಕಾಲನ್ನು ಎತ್ತಿ ಇಳಿಯಲೂ ಆಗುತ್ತಿಲ್ಲ, ಪುನಃ ಸೀಟಿಗೇರಲೂ ಆಗುತ್ತಿಲ್ಲ. ಮುಖವೆಲ್ಲ ಬೆವರು. ನಾನು ಓಡಿಹೋಗಿ ಕೈ ಚಾಚಿದೆ.

“ಮುಟ್ಟಬೇಡ ಮಾರಾಯ! ಮುಟ್ಟಿದರೆ ಪುನಃ ಮನೆಗೆ ಹೋಗಿ ಮೀಯ್ಬೇಕು. ಪೂಜೆಗೆ ಹೊತ್ತಾಯ್ತು.”

“ಬೀಳ್ತೀರಿ ಭಟ್ರೇ!”

“ಬಿದ್ರೆ ಬೀಳ್ತೇನೆ.”

ಚಾಚಿದ ಕೈ ಚಾಚಿದಂತೆಯೇ ನಿಂತಿದ್ದೆ. ಮಡಿಯ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು, ಅವರನ್ನು ನೋಡಿ ಪಾಪ ಎನಿಸಿತು. ಎರಡರಿಂದಲೂ ಅವರಿಗೆ ಏನೂ ಉಪಕಾರವಾಗಲಿಲ್ಲ. ಕೊನೆಗೆ ಹ್ಯಾಂಡಲಿಗೆ ಎದೆಯಾನಿಸಿ ಹೇಗೋ ಕಾಲೆಳೆದುಕೊಂಡು, ಸೈಕಲ್ ತಳ್ಳುತ್ತ ಹೊರಟರು. ಕೈಗೆಟುಕದಷ್ಟು ದೂರದಲ್ಲಿ ಅವರ ಹಿಂದೆಯೇ ನಾನೂ ದೇವಸ್ಥಾನದವರೆಗೆ ನಡೆದೆ.

ಮಳೆ ಬೀಳುವ ಮೊದಲೇ ಅವರು ಹಾಸಿಗೆ ಹಿಡಿದರು. ನೋವು ಸೀಟಿನದಾಗಿರಲಿಲ್ಲ, ಎಲುಬಿನೊಳಗೇ ಇತ್ತು. ಅದು ಗೊತ್ತಾದದ್ದು ಮಂಗಳೂರಿನ ಆಸ್ಪತ್ರೆಗೆ ಹೋದ ಮೇಲೆ. ಅಲ್ಲಿಗೆ ಕರೆದೊಯ್ಯಲು ಜೀಪು ಬಂದಾಗ ಅವರನ್ನು ಹೇಗೆ ಹಿಡಿಯುವುದೆಂದು ಅಳುಕಿ ನಿಂತಿದ್ದೆ.

“ಹಿಡಿ ಮಾರಾಯ. ಇನ್ನು ಎಂತ ಮಡಿ?” ಎಂದರು.

ಕಂಕುಳಿಗೆ ಕೈ ಹಾಕಿ ಎತ್ತಿದೆ. ಭಾರವೇ ಇರಲಿಲ್ಲ. ಬೆನ್ನಿಗೆ ತಲೆದಿಂಬು ಕೊಟ್ಟು ಕೂರಿಸಿ, “ಹೀಗೆ ಸಾಕಾ?” ಎಂದರೆ “ಸ್ವಲ್ಪ ಎಡಕ್ಕೆ” ಎಂದರು. ಎಡಕ್ಕೆ ಸರಿಸಿದರೆ “ಬಲಕ್ಕೇ ಆಗಬಹುದಿತ್ತು.” ಮಂಗಳೂರಿನವರೆಗೂ ಅವರಿಗೆ ಸಮಾ ಕೂರಲು ಆಗಲೇ ಇಲ್ಲ. ಮರಳಿ ಬಂದದ್ದು ಮಲಗಿಕೊಂಡು, ಮುಖಕ್ಕೂ ಬಟ್ಟೆ ಹೊದ್ದು...

“ಒಮ್ಮೆ ಕೂತು ನೋಡಿ ಅಣ್ಣ,” ಎಂದ ಅಂಗಡಿಯವ. ಕೂತೆ. ಎಲ್ಲೂ ಒತ್ತಲಿಲ್ಲ, ಜಾರಲಿಲ್ಲ.

“ಹೇಗುಂಟು?”

“ಆರಾಮ ಉಂಟು,” ಎಂದೆ.

ಇಳಿಯಲು ಹೊರಟಾಗ ಮಂಡಿ ಹಿಡಿದುಕೊಂಡಿತು, ಕಾಲು ಬಾರಿನ ಆಚೆಯೇ ನಿಂತುಬಿಟ್ಟಿತು. ನಾನು ಏನೂ ಹೇಳುವ ಮೊದಲೇ ಅವನು ಬಂದು ನನ್ನ ರಟ್ಟೆ ಹಿಡಿದು ಇಳಿಸಿದ.